ಕಣ್ಣು ಕಲೆತರೆ ಸಾಕೇ?

ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದವರಿಗೆ ಈ ದೃಶ್ಯ ಬಾಯಿಪಾಠ. ಕಾಲೇಜಿನ ಕಾರಿಡಾರು, ಎದುರಿನಿಂದ ಬಂದವನಿಗೆ ನಾಯಕಿ ಡಿಕ್ಕಿ, ನೆಲಕ್ಕೆ ಚೆಲ್ಲಿದ ಪುಸ್ತಕಗಳು, ಎತ್ತಿಕೊಡುವಾಗ ತಾಗಿದ ಬೆರಳು, ಮೈಯಲ್ಲಿ ಮಿಂಚು. ಆಮೇಲಿನ ಕಂತುಗಳಲ್ಲಿ ಇಬ್ಬರೂ ಬೇರೆ ಬೇರೆ ಮನೆಯಲ್ಲಿ ನಿಟ್ಟುಸಿರಿಡುತ್ತಾರೆ. ನಡುವೆ ಒಂದು ಅಪಾರ್ಥ, ಕೊನೆಗೆ ತಾಳಿ. ಅವರಿಬ್ಬರೂ ಎದುರುಬದುರು ಕೂತರೆ ಏನು ಮಾತಾಡುತ್ತಾರೆ ಎಂಬುದು ಮಾತ್ರ ಓದುಗರಿಗೆ ಕೊನೆಗೂ ಗೊತ್ತಾಗುವುದಿಲ್ಲ. ಇಂಥದೇ ಕಥೆ ಸಿನಿಮಾ ಆದರೆ ಹೇಗೋ ನಡೆದುಹೋಗುತ್ತದೆ. ಅಲ್ಲಿ ನಟ–ನಟಿಯರ ಮುಖವಿದೆ, ಹಾಡಿದೆ, ಆಗುಂಬೆಯ ಮಳೆಯಿದೆ. ‘ಕೆಮಿಸ್ಟ್ರಿ ಚೆನ್ನಾಗಿದೆ’ ಅಂತ ವಿಮರ್ಶಕರೂ ಬರೆದುಬಿಡುತ್ತಾರೆ. ಕಾದಂಬರಿಕಾರರ ಕೈಯಲ್ಲಿ ಇವು ಯಾವುವೂ ಇಲ್ಲ.

ಪುಟದ ಮೇಲೆ ಒಲವು ನಿಜ ಅನಿಸುವುದು ಇಬ್ಬರಿಗೂ ಕೂಡಿ ಮಾಡಲು ಏನಾದರೂ ಇದ್ದಾಗ. ಅದು ಕೆಲಸವಿರಬಹುದು, ಜಗಳವಿರಬಹುದು, ಓಡಿಹೋಗುವ ಹಂಚಿಕೆಯೂ ಇರಬಹುದು.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಎಂದರೆ ಎಲ್ಲರಿಗೂ ನೆನಪಾಗುವ ಜೋಡಿ ಕಾತ್ಯಾಯನಿ ಮತ್ತು ರಾಜ. ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಓಡಾಡಿ ಓದುವ ವಿಧವೆ, ಕಾಲೇಜಿನ ಅಧ್ಯಾಪಕ. ಕಾದಂಬರಿಯ ದೊಡ್ಡ ಪ್ರಶ್ನೆಗಳೆಲ್ಲ ಅವರ ಮೇಲೇ ಬೀಳುತ್ತವೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಜೋಡಿಯಿದೆ, ನನಗೆ ಅದೇ ಹೆಚ್ಚು ಗಟ್ಟಿ. ರಾಜನ ಅಣ್ಣ ಸದಾಶಿವರಾಯ, ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಸಂಪುಟಗಳಲ್ಲಿ ಬರೆಯಲು ಹೊರಟ ವಿದ್ವಾಂಸ. ಅವನ ಬಳಿ ಸಂಶೋಧನೆಗೆಂದು ಸಿಂಹಳದಿಂದ ಬಂದವಳು ಕರುಣಾರತ್ನೆ. ಇವರ ನಡುವೆ ಮಿಂಚೂ ಇಲ್ಲ, ಸಿಡಿಲೂ ಇಲ್ಲ. ಗ್ರಂಥಾಲಯ, ಟಿಪ್ಪಣಿ, ಕರಡು, ಅದರ ಮೇಲೊಂದು ಚರ್ಚೆ. ಅವನ ತಲೆಯೊಳಗಿನ ಪುಸ್ತಕಕ್ಕೆ ಸಿಕ್ಕ ಮೊದಲ ಜೊತೆಗಾತಿ ಅವಳು. ಮನೆಯಲ್ಲಿ ಹೆಂಡತಿ ನಾಗಲಕ್ಷ್ಮಿ ಇದ್ದಾಳೆ. ಗಂಡನ ಊಟ ಉಪಚಾರ ನೋಡಿಕೊಳ್ಳುವ ಒಳ್ಳೆಯ ಹೆಂಗಸು, ಅವನ ಬರವಣಿಗೆಯ ಲೋಕದೊಳಕ್ಕೆ ಅವಳಿಗೆ ಬಾಗಿಲಿಲ್ಲ. ಸದಾಶಿವರಾಯ ಎರಡನೆಯ ಮದುವೆಯಾದಾಗ ಅವನ ಮೇಲೆ ನಮಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಮುಂದೆ ನಾಗಲಕ್ಷ್ಮಿ ರಾಮನಾಮ ಬರೆಯುತ್ತ ಕೂರುವುದನ್ನು ಓದುವಾಗ ಸಂಕಟವೂ ಆಗುತ್ತದೆ. ಆದರೂ ‘ಇವರಿಬ್ಬರು ಯಾಕೆ ಒಂದಾದರು?’ ಎಂದು ಯಾರೂ ಕೇಳುವುದಿಲ್ಲ. ಕಾರಣವನ್ನು ಭೈರಪ್ಪನವರು ಪುಟಗಟ್ಟಲೆ ಕಣ್ಣೆದುರಿಗೇ ನಡೆಸಿ ತೋರಿಸಿದ್ದಾರೆ. ಓದುಗರ ಒಪ್ಪಿಗೆಯಿಲ್ಲದೆಯೂ ಓದುಗರ ನಂಬಿಕೆ ಗಳಿಸುವುದು ಸಣ್ಣ ಮಾತಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ವಿಷಯದಲ್ಲಿ ಇನ್ನೂ ಉದಾರಿ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೊರಟ ಮೇಲೆ ಅವರ ಪ್ರೇಮವೆಂದರೆ ಮಳೆ, ಕಾಡು, ಹಸಿವು, ಭಯ, ಜೊತೆಗೆ ನಾಯಿ ಹುಲಿಯ. ಮುಕುಂದಯ್ಯ–ಚಿನ್ನಮ್ಮರ ಕಥೆಯೂ ಕಣ್ಣಲ್ಲೇ ಮುಗಿಯುವುದಿಲ್ಲ. ಬೇಡದ ಮದುವೆಯಿಂದ ಪಾರಾಗಲು ಚಿನ್ನಮ್ಮ ಕತ್ತಲಲ್ಲಿ ಕಾಡು ಹತ್ತಬೇಕು. ಅವಳ ಕೈ ಹಿಡಿದು ನಡೆಸುವವಳು ಪೀಂಚಲು. ಈ ಪೀಂಚಲು ಮತ್ತು ಅವಳ ಗಂಡ ಐತ ಘಟ್ಟದ ಕೆಳಗಿನಿಂದ ಬಂದ ಕೂಲಿಗಳು, ಆಗಲೇ ಮದುವೆಯಾದವರು. ಗಂಡಹೆಂಡಿರ ನಡುವೆಯೂ ಸರಸ ಇರುತ್ತದೆ ಎಂಬುದನ್ನು ನಮ್ಮ ಕಾದಂಬರಿಗಳು ಯಾಕೋ ಬೇಗ ಮರೆಯುತ್ತವೆ. ತಾಳಿ ಕಟ್ಟಿಸಿದ ಕೂಡಲೇ ಲೇಖಕರು ಪೆನ್ನು ಮುಚ್ಚುತ್ತಾರೆ, ಇಲ್ಲವೇ ಅತ್ತೆಯನ್ನು ಕರೆತರುತ್ತಾರೆ!

ಪ್ರೇಮಕಾದಂಬರಿಯ ಮಾತು ಬಂದರೆ ಜೇನ್ ಆಸ್ಟಿನ್ ಹೆಸರು ಬಿಡುವಂತಿಲ್ಲ. ‘ಪ್ರೈಡ್ ಅಂಡ್ ಪ್ರಿಜುಡೀಸ್’ (1813) ಕಾದಂಬರಿಯಲ್ಲಿ ಅಕ್ಕನಿಗೆ ಕಾಯಿಲೆ ಎಂದು ನಾಯಕಿ ಎಲಿಜಬೆತ್ ಮೂರು ಮೈಲಿ ಕೆಸರು ತುಳಿದು ಅವಳು ಉಳಿದುಕೊಂಡಿದ್ದ ಮನೆಗೆ ನಡೆದು ಬರುತ್ತಾಳೆ. ಆ ಮನೆಯ ಹೆಂಗಸರಿಗೆ ಕಂಡದ್ದು ಲಂಗದ ಅಂಚಿನ ಕೆಸರು. ಅಲ್ಲೇ ಇದ್ದ ನಾಯಕ ಡಾರ್ಸಿಗೆ ಕಂಡದ್ದು ನಡಿಗೆಯಿಂದ ಹೊಳಪೇರಿದ ಕಣ್ಣು. ಮುಂದೆ ಇವರು ಕೂಡಿ ಮಾಡುವ ಕೆಲಸವೆಂದರೆ ವಾದ. ಅವನ ಮೊದಲ ಮದುವೆ ಪ್ರಸ್ತಾಪವೇ ಅವಮಾನದಂತಿರುತ್ತದೆ, ಅವಳು ತಿರುಗಿ ಬಿಸಿ ಮುಟ್ಟಿಸುತ್ತಾಳೆ, ಮರುದಿನ ಅವನು ಉದ್ದದ ಪತ್ರ ಕೊಡುತ್ತಾನೆ. ಆ ಪತ್ರವನ್ನು ಮತ್ತೆ ಮತ್ತೆ ಓದುತ್ತ ಅವಳ ಅಭಿಪ್ರಾಯ ಬದಲಾಗುತ್ತದೆ. ಹಾಗಾದರೆ ಅವಳಿಗೆ ಮೊದಲು ಹಿಡಿಸಿದ ಸುರಸುಂದರಾಂಗ ವಿಕ್‌ಹ್ಯಾಮ್? ಅವನೊಂದಿಗೂ ಎಲಿಜಬೆತ್ ಸೊಗಸಾಗಿ ಹರಟುತ್ತಾಳೆ. ಗಮನಿಸಿ ನೋಡಿದರೆ ಆ ಹರಟೆಯ ಮುಖ್ಯ ವಿಷಯ ಡಾರ್ಸಿ! ಆಸ್ಟಿನ್ ಎಷ್ಟು ಚತುರೆ ಎಂಬುದಕ್ಕೆ ಇದೊಂದೇ ಸಾಕು.

ಈಗ ಧಾರಾವಾಹಿ ಮೊಬೈಲಿಗೆ ಬಂದಿದೆ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಪ್ರೇಮಕಥೆಗಳು ಕಂತುಕಂತಾಗಿ ಬರುತ್ತಿವೆ, ಓದುಗರು ಅಲ್ಲೇ ಮೆಚ್ಚುಗೆ, ಮುನಿಸು ತಿಳಿಸುತ್ತಾರೆ. ಬರೆಯುವವರ ಹುಮ್ಮಸ್ಸು ದೊಡ್ಡದು, ಅದನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಕೋಪಿಷ್ಠ ಕಂಪನಿ ಒಡೆಯ ಮತ್ತು ಬಡ ಹುಡುಗಿಯ ಕಥೆಯಲ್ಲಿ ಕಂಪನಿ ಏನು ತಯಾರಿಸುತ್ತದೆ, ಅವಳು ಅಲ್ಲಿ ಏನು ಕೆಲಸ ಮಾಡುತ್ತಾಳೆ ಎಂಬುದೇ ಎಷ್ಟೋ ಸಲ ಇರುವುದಿಲ್ಲ. ಬರೆಯುವವರಲ್ಲಿ ಒಂದು ಕೋರಿಕೆ: ಮುಂದಿನ ಕಂತಿನಲ್ಲಿ ಅವನ ಭುಜ, ಅವಳ ಮುಂಗುರುಳು ಎರಡನ್ನೂ ಬಿಟ್ಟುಬಿಡಿ. ತಪ್ಪಿದ ಒಂದು ಲೆಕ್ಕವನ್ನು ಅವರಿಬ್ಬರ ಮುಂದಿಟ್ಟು, ಬೆಳಗಾಗುವುದರೊಳಗೆ ಸರಿಮಾಡಲು ಕೂರಿಸಿ.