ಒಂದೇ ರೂಪ, ಮೂರೂವರೆ ಪಾಲು ಬೆಲೆ: ವೀಡ್ ಕಟರ್ ಕೊಳ್ಳುವ ಮುನ್ನ

ಈ ಸಲ ಮಳೆ ಹಿಡಿಯುವ ಮುಂಚೆ ನಮ್ಮ ಸದಸ್ಯರೊಬ್ಬರು ಸಂಘದ ಜಗಲಿಯ ಮೇಲೆ ಎರಡು ವೀಡ್ ಕಟರುಗಳ ಬೆಲೆಪಟ್ಟಿ ಹರಡಿಕೊಂಡು ಕುಳಿತಿದ್ದರು. ಒಂದಕ್ಕೆ ಒಂಬತ್ತು ಸಾವಿರ, ಇನ್ನೊಂದಕ್ಕೆ ಮೂವತ್ತೆರಡು ಸಾವಿರ. ಎರಡೂ ಪೆಟ್ರೋಲಿನವು. ಎರಡಕ್ಕೂ ಉದ್ದನೆಯ ಕೊಳವೆ, ತುದಿಯಲ್ಲಿ ಅಲಗು, ಹೆಗಲಿಗೆ ಪಟ್ಟಿ. ಸೋಜಿಗವೆಂದರೆ ಅಗ್ಗದ್ದರ ಮೇಲೆ 52 ಸಿ.ಸಿ. ಎಂದು ಬರೆದಿತ್ತು, ದುಬಾರಿಯದರ ಮೇಲೆ ಬರೀ 35.8. “ದೊಡ್ಡ ಎಂಜಿನ್ನಿಗೆ ಕಡಿಮೆ ದುಡ್ಡು, ಸಣ್ಣದಕ್ಕೆ ಮೂರೂವರೆ ಪಾಲು. ಇದು ಹೆಸರಿಗೆ ತೆರುವ ದಂಡವಲ್ಲದೆ ಮತ್ತೇನು ಮಾರಾಯ್ರೆ?” ಎಂದು ಅವರು ಕೇಳಿದರು. ಅವರದು ಮೂರು ಎಕರೆಯ ತೋಟ, ಅಡಿಕೆಯ ನಡುವೆ ಕಾಫಿ. ಸವರಲು ಆಳು ಸಿಗುವುದಿಲ್ಲ. ಮೂವತ್ತೆರಡು ಸಾವಿರವೆಂದರೆ ಒಂದು ವರ್ಷದ ಗೊಬ್ಬರದ ದುಡ್ಡು.

ಪ್ರಶ್ನೆ ನ್ಯಾಯವಾದದ್ದೇ. ಹೆಸರಿಗೂ ಒಂದಷ್ಟು ಕೊಡುತ್ತೇವೆ, ಸುಳ್ಳಲ್ಲ. ಆದರೆ ವ್ಯತ್ಯಾಸವೆಲ್ಲ ಹೆಸರಿನದೇ ಎಂದು ಅಗ್ಗದ್ದನ್ನು ಹೊತ್ತು ತಂದವರೂ, ಬೆಲೆ ಹೆಚ್ಚಾದರೆ ಬಾಳಿಕೆಯೂ ಹೆಚ್ಚೆಂದು ಕಣ್ಣುಮುಚ್ಚಿ ದುಬಾರಿಯದನ್ನು ತಂದವರೂ ನಮ್ಮಲ್ಲಿ ಪಶ್ಚಾತ್ತಾಪ ಪಟ್ಟದ್ದುಂಟು.

ಮೊದಲು ಸಿ.ಸಿ.ಯ ಸಂಗತಿ. ಅದು ಸಿಲಿಂಡರಿನೊಳಗಿನ ಜಾಗದ ಅಳತೆ, ಬಲದ ಅಳತೆಯಲ್ಲ. ಅಗ್ಗದ ಯಂತ್ರಗಳು ಬಹುಪಾಲು ಟೂ ಸ್ಟ್ರೋಕ್. ಮೂವತ್ತೈದು ಸಿ.ಸಿ.ಯದು ಹೆಚ್ಚಾಗಿ ಫೋರ್ ಸ್ಟ್ರೋಕ್. ಉದಾಹರಣೆಗೆ ಹೋಂಡಾದವರ ಜಿಎಕ್ಸ್ 35 ಎಂಜಿನ್ 35.8 ಸಿ.ಸಿ.ಯದು, ನಿಮಿಷಕ್ಕೆ 7000 ಸುತ್ತಿನಲ್ಲಿ 1 ಕಿಲೋವಾಟ್ ಬಲ ಕೊಡುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಕಿಡಿ, ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ. ಹಾಗಾಗಿ ನಿಜವಾದ 52 ಸಿ.ಸಿ. ಟೂ ಸ್ಟ್ರೋಕ್ ಬಲದಲ್ಲಿ ಇದನ್ನು ಮೀರಿಸಬಹುದು, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ “ನಿಜವಾದ” ಎಂಬ ಮಾತಿನಲ್ಲೇ ತೊಡಕಿರುವುದು. ಈ ಜಾತಿಯ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ವ್ಯಾಸ 44 ಮಿ.ಮೀ., ಓಟ 34 ಮಿ.ಮೀ. ಇದ್ದರೆ ಲೆಕ್ಕಕ್ಕೆ 51.7 ಸಿ.ಸಿ. ಬರುತ್ತದೆ. ವ್ಯಾಸ 40 ಮಿ.ಮೀ. ಇದ್ದರೆ 42.7 ಮಾತ್ರ. ಹೊರಗಿನ ಕವಚ ಎರಡಕ್ಕೂ ಒಂದೇ, 43ರ ಎಂಜಿನ್ನಿಗೆ 52ರ ಚೀಟಿ ಅಂಟಿಸಿದರೆ ಕಣ್ಣಿಗೆ ಗೊತ್ತಾಗದು. ಮೆಕ್ಯಾನಿಕನು ಸಿಲಿಂಡರ್ ಬಿಚ್ಚಿದ ದಿನ ವರ್ನಿಯರ್ ಹಿಡಿದು ಪಿಸ್ಟನ್ ಅಳೆಯಲು ಹೇಳಿ. ಕೊಂಡದ್ದೇನೆಂದು ಆವಾಗ ತಿಳಿದೀತು.

ಇನ್ನು ಬಾಳಿಕೆ. ಇಲ್ಲಿಯೇ ದುಡ್ಡಿನ ದೊಡ್ಡ ಪಾಲು ಅಡಗಿರುವುದು. ಕೈಯಲ್ಲಿ ಹಿಡಿದು ಕೆಲಸ ಮಾಡುವ ಎಂಜಿನ್ನುಗಳು ಎಷ್ಟು ಗಂಟೆಯವರೆಗೆ ಹೊಗೆಯ ನಿಯಮದೊಳಗೆ ಇರುತ್ತವೆ ಎಂಬುದನ್ನು ತಯಾರಕರೇ ಘೋಷಿಸಬೇಕೆಂದು ಅಮೆರಿಕ, ಯುರೋಪುಗಳಲ್ಲಿ ಕಾನೂನಿದೆ. ಅದರಲ್ಲಿ ಮೂರೇ ದರ್ಜೆ: 50 ಗಂಟೆ, 125 ಗಂಟೆ, 300 ಗಂಟೆ. ಅಮೆರಿಕಕ್ಕೆ ಹೋಗುವ ಯಂತ್ರಗಳ ಚೀಟಿಯ ಮೇಲೆ 300ಕ್ಕೆ ‘ಎ’, 125ಕ್ಕೆ ‘ಬಿ’, 50ಕ್ಕೆ ‘ಸಿ’ ಎಂಬ ಗುರುತಿರುತ್ತದೆ. ಅಂಥ ಚೀಟಿ ಇಲ್ಲಿಗೆ ಬಂದ ಯಂತ್ರದ ಮೇಲೂ ಕಂಡರೆ ಓದಿ ನೋಡಿ. ಐವತ್ತು ಗಂಟೆ ಕಳೆದೊಡನೆ ಎಂಜಿನ್ ಸಾಯುತ್ತದೆಂದು ಇದರ ಅರ್ಥವಲ್ಲ. ಆದರೆ ತಯಾರಕರು ಯಾವ ಬಗೆಯ ಗಿರಾಕಿಯನ್ನು ಮನಸ್ಸಿನಲ್ಲಿಟ್ಟು ಅದನ್ನು ಕಟ್ಟಿದರು ಎಂಬುದು ಅದರಿಂದ ಹೊರಬೀಳುತ್ತದೆ. ಮನೆ ಮುಂದಿನ ಹುಲ್ಲನ್ನು ತಿಂಗಳಿಗೊಮ್ಮೆ ಸವರುವವನಿಗೆ ಐವತ್ತು ಗಂಟೆಯೆಂದರೆ ನಾಲ್ಕೈದು ವರ್ಷ. ದಿನಕ್ಕೆ ಐದು ಗಂಟೆ ಗುತ್ತಿಗೆ ಸವರುವ ಹುಡುಗನಿಗೆ ಅದು ಹತ್ತೇ ದಿನ. ನಿಮಿಷಕ್ಕೆ 8000 ಸುತ್ತಿನಂತೆ ಗಂಟೆಗೆ ನಾಲ್ಕು ಲಕ್ಷ ಎಂಬತ್ತು ಸಾವಿರ ಸುತ್ತು ತಿರುಗುವ ವಸ್ತುವಿದು. ಬೇರಿಂಗ್, ಪಿಸ್ಟನ್ ರಿಂಗ್, ಸಿಲಿಂಡರಿನ ಒಳಮೈಯ ಲೇಪ ಇವುಗಳಲ್ಲಿ ನೂರಿನ್ನೂರು ರೂಪಾಯಿ ಉಳಿಸಿದರೆ ಅದು ಅಂಗಡಿಯಲ್ಲಿ ಕಾಣಿಸುವುದಿಲ್ಲ, ಎರಡನೆಯ ಮಳೆಗಾಲದಲ್ಲಿ ಕಾಣಿಸುತ್ತದೆ.

ಒಂದೇ ಕಂಪೆನಿಯ ಎರಡು ಯಂತ್ರಗಳ ನಡುವೆಯೂ ಈ ಭೇದವುಂಟು. ಮರ ಕೊಯ್ಯುವ ಚೈನ್ ಸಾ ನೋಡಿ. ಜರ್ಮನಿಯ ಸ್ಟೀಲ್ ಕಂಪೆನಿಯ ಎಂಎಸ್ 250 ಎಂಬುದು 45.4 ಸಿ.ಸಿ., 2.3 ಕಿಲೋವಾಟ್. ಅವರದೇ ಎಂಎಸ್ 261 ಎಂಬುದು 50.2 ಸಿ.ಸಿ., 3 ಕಿಲೋವಾಟ್. ಸಿ.ಸಿ.ಯಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚು, ಬಲದಲ್ಲಿ ನೂರಕ್ಕೆ ಮೂವತ್ತು. ಮೊದಲನೆಯದರಲ್ಲಿ ಎಂಜಿನ್ನಿನ ಕೆಳಭಾಗ ಗಟ್ಟಿ ಪ್ಲಾಸ್ಟಿಕ್ಕಿನದು, ಎರಡನೆಯದರಲ್ಲಿ ಮೆಗ್ನೀಸಿಯಂ ಲೋಹದ್ದು. ಹೆಸರು ಒಂದೇ ಆದ್ದರಿಂದ ಇಲ್ಲಿ “ಹೆಸರಿನ ದಂಡ” ಎಂಬ ವಾದ ನಿಲ್ಲುವುದಿಲ್ಲ. ಹಾಗೆಂದು ವರ್ಷಕ್ಕೊಮ್ಮೆ ಮರಗಸಿಯಲ್ಲಿ ಬಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ಸೌದೆ ಮಾಡಿಕೊಳ್ಳುವವರಿಗೆ ಎರಡನೆಯದು ಬೇಕೇ ಎಂದರೆ, ಖಂಡಿತ ಬೇಡ.

ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನೂ ಅಗ್ಗದ್ದನ್ನೇ ತಂದಿದ್ದೆ. ಎಂಜಿನ್ ದೂರುವಂಥದ್ದೇನಲ್ಲ, ಎರಡು ಮಳೆಗಾಲ ಚೆನ್ನಾಗಿಯೇ ಓಡಿತು. ಮೂರನೆಯ ವರ್ಷ ಭಾದ್ರಪದದ ಸವರಿಕೆ ಅರ್ಧವಾಗಿರುವಾಗ ತುದಿಯ ಗೇರ್ ಹೆಡ್ಡಿನಲ್ಲಿ ಹಲ್ಲು ಮುರಿಯಿತು. ಕೊಂಡ ಅಂಗಡಿಯಲ್ಲಿ “ಸ್ಪೇರ್ ಬರುತ್ತದೆ, ಎರಡು ದಿನ” ಎಂದರು. ಎರಡು ದಿನ ಎರಡು ವಾರವಾಯಿತು. ಪಕ್ಕದ ತೋಟದವರ ಬಳಿ ಅದೇ ರೂಪದ, ಬೇರೆ ಹೆಸರಿನ, ಕೆಟ್ಟು ಕುಳಿತ ಯಂತ್ರವಿತ್ತು. ಅದರ ಗೇರ್ ಹೆಡ್ ಬಿಚ್ಚಿ ತಂದೆ. ಕೊಳವೆ ಎರಡಕ್ಕೂ 26 ಮಿ.ಮೀ., ಸರಿಯಾಗಿ ಕೂತಿತು. ಆದರೆ ಒಳಗಿನ ಸರಳು ಕೂರಲಿಲ್ಲ. ನನ್ನದರ ತುದಿಗೆ ಏಳು ಹಲ್ಲು, ಅದಕ್ಕೆ ಒಂಬತ್ತು! ಇಂಥ ಯಂತ್ರಗಳಲ್ಲಿ ಕೊಳವೆ 26ರದೂ ಉಂಟು 28ರದೂ ಉಂಟು, ಸರಳಿಗೆ ಏಳು ಹಲ್ಲೂ ಉಂಟು ಒಂಬತ್ತೂ ಉಂಟು ಎಂದು ನಾನು ಕಲಿತದ್ದು ಆ ದಿನ. ಅಷ್ಟರಲ್ಲಿ ಕಳೆ ಸೊಂಟದವರೆಗೆ ಬಂದಿತ್ತು, ಕೊಯ್ಲು ಹತ್ತಿರವಾಗಿತ್ತು. ಕೊನೆಗೆ ಗುತ್ತಿಗೆಯವರನ್ನು ಕರೆಸಿ ಸವರಿಸಿದೆ. ಯಂತ್ರದಲ್ಲಿ ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಪಾಲು ಅದಕ್ಕೇ ಹೋಯಿತು.

ಆದುದರಿಂದ ದುಬಾರಿ ಯಂತ್ರದ ಬೆಲೆಯಲ್ಲಿ ಕಣ್ಣಿಗೆ ಕಾಣದ ಒಂದು ಸಾಮಾನಿದೆ. ಹತ್ತು ವರ್ಷದ ನಂತರವೂ ಭಾಗದ ನಂಬರ್ ಹೇಳಿದರೆ ಅದೇ ಭಾಗ ಸಿಗುವಂತೆ ಯಾರೋ ಎಲ್ಲೋ ದಾಸ್ತಾನು ಇಟ್ಟಿರುತ್ತಾರೆ. ಅದರ ಖರ್ಚನ್ನು ಯಂತ್ರದ ಮೇಲೆ ಹಾಕುತ್ತಾರೆ. ಅಗ್ಗದವರು ಈ ಖರ್ಚು ಮಾಡುವುದಿಲ್ಲ. ಒಂದೇ ಕಾರ್ಖಾನೆಯ ಮಾಲಿಗೆ ಹತ್ತು ಆಮದುದಾರರು ಹತ್ತು ಹೆಸರು ಹಚ್ಚಿ ಮಾರುತ್ತಾರೆ, ಮುಂದಿನ ವರ್ಷ ಹೆಸರೇ ಬದಲಾಗಿರಬಹುದು. ಆದರೆ ಇದಕ್ಕೆ ಮರುಮಾತೂ ಇದೆ. ದೊಡ್ಡ ಹೆಸರಿನ ಯಂತ್ರವಾದರೂ ಅದರ ಡೀಲರು ನೂರು ಕಿಲೋಮೀಟರ್ ದೂರದಲ್ಲಿದ್ದರೆ ನಮಗೆ ಆ ದಾಸ್ತಾನಿನಿಂದ ಉಪಕಾರವೇನು? ಪೇಟೆಯ ಮೆಕ್ಯಾನಿಕನ ಕಪಾಟಿನಲ್ಲಿ ಯಾವ ಯಂತ್ರದ ಕಾರ್ಬ್ಯುರೇಟರ್, ಕ್ಲಚ್, ಗೇರ್ ಹೆಡ್ ಇವೆಯೋ ಅದನ್ನು ಮೊದಲು ನೋಡಿಕೊಂಡು ಆಮೇಲೆ ಯಂತ್ರ ನೋಡುವುದು ನನ್ನ ಈಗಿನ ಪದ್ಧತಿ.

ಬ್ಯಾಟರಿಯ ಉಪಕರಣಗಳಲ್ಲಿ ಚೀಟಿಯ ಆಟ ಇನ್ನೂ ಜೋರು. ಕಾಫಿ ಕಪಾತಿಗೆಂದು ಈಗ ಬ್ಯಾಟರಿ ಕತ್ತರಿಗಳು ಬಂದಿವೆ. ಒಂದರ ಮೇಲೆ 18 ವೋಲ್ಟ್, ಒಂದರ ಮೇಲೆ 20, ಮತ್ತೊಂದರ ಮೇಲೆ 21. ಮೂರೂ ಒಂದೇ! ಒಳಗೆ ಸಾಲಾಗಿ ಐದು ಲಿಥಿಯಂ ಸೆಲ್ಲುಗಳು. ಸರಾಸರಿ 3.6ರಂತೆ ಎಣಿಸಿದರೆ 18, ಪೂರ್ಣ ಚಾರ್ಜಾದಾಗಿನ 4.2ರಂತೆ ಎಣಿಸಿದರೆ 21. ನೋಡಬೇಕಾದದ್ದು ಆಂಪಿಯರ್ ಅವರ್. 18 ವೋಲ್ಟಿಗೆ 2 ಆಂಪಿಯರ್ ಅವರ್ ಎಂದರೆ 36 ವಾಟ್ ಅವರ್, 4 ಎಂದರೆ 72. ಕೆಲವಕ್ಕೆ 48, 88 ಎಂದು ಬರೆದು ಪಕ್ಕದಲ್ಲಿ ‘ವಿಎಫ್’ ಎಂದು ಸೇರಿಸಿರುತ್ತಾರೆ. ಅದು ವೋಲ್ಟೇ ಅಲ್ಲ, ಮಾದರಿಯ ಹೆಸರಷ್ಟೇ ಎಂದು ಕೇಳಿದವರಿಗೆ ಜಾರಿಕೊಳ್ಳುವ ಉಪಾಯ.

ಹಣಕ್ಕಿಂತ ಮುಖ್ಯವಾದ ಒಂದು ಮಾತು, ಕೈಯ ನಡುಕ. ಯಂತ್ರದ ಕಂಪನ ವರ್ಷಗಟ್ಟಲೆ ಕೈಗೆ ಬಿದ್ದರೆ ಬೆರಳಿನ ರಕ್ತನಾಳಗಳು ಕೆಟ್ಟು ಚಳಿಗೆ ಬೆರಳು ಬೆಳ್ಳಗಾಗುವ, ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಯುರೋಪಿನ 2002ರ ನಿಯಮದಂತೆ ದಿನಕ್ಕೆ ಎಂಟು ಗಂಟೆಯ ಕೆಲಸದಲ್ಲಿ ಕಂಪನ ಸೆಕೆಂಡ್ ವರ್ಗಕ್ಕೆ 5 ಮೀಟರ್ ಮೀರಬಾರದು. 10 ಮೀಟರಿನ ಯಂತ್ರವಾದರೆ ದಿನಕ್ಕೆ ಎರಡೇ ಗಂಟೆ ಹಿಡಿಯಬಹುದು. ಒಳ್ಳೆಯ ಯಂತ್ರದ ಕೈಪಿಡಿಯಲ್ಲಿ ಈ ಅಂಕಿ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಅಂಗಡಿಯಲ್ಲೇ ಚಾಲೂ ಮಾಡಿಸಿ, ಹೆಗಲಿಗೆ ಹಾಕಿ, ಐದು ನಿಮಿಷ ಹಿಡಿದು ನೋಡಿ. ಕೆಳಗಿಳಿಸಿದ ಮೇಲೂ ಅಂಗೈ ಗುಂಯ್‌ಗುಡುತ್ತಿದ್ದರೆ ಬಿಟ್ಟು ಬನ್ನಿ. ಆ ಯಂತ್ರವನ್ನು ದಿನವಿಡೀ ಹಿಡಿಯುವವನು ನಮ್ಮ ಆಳೇ ಆಗಿರುತ್ತಾನೆ, ಅವನು ಬಾಯಿಬಿಟ್ಟು ಹೇಳುವುದಿಲ್ಲ. ಅಲಗಿನ ಮೇಲಿನ ರಕ್ಷಾಕವಚ, ಚೈನ್ ಸಾದ ಚೈನ್ ಬ್ರೇಕ್ ಇವು ಸರಿಯಿಲ್ಲದ್ದು ಎಷ್ಟು ಅಗ್ಗವಾದರೂ ಬೇಡ.

ಸಹಾಯಧನದಲ್ಲಿ ಕೊಳ್ಳುವವರು ಪರೀಕ್ಷಾ ವರದಿ ಕೇಳಿ ಪಡೆಯಿರಿ. ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ದಕ್ಷಿಣಕ್ಕೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಅಂಥ ಕೇಂದ್ರಗಳ ವರದಿಯಲ್ಲಿ ಕಂಪೆನಿ ಹೇಳಿದ ಬಲ ಒಂದು ಕಡೆ, ಅಳೆದಾಗ ಸಿಕ್ಕ ಬಲ ಇನ್ನೊಂದು ಕಡೆ ಇರುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚೀಟಿಯ ಬಣ್ಣ ತಿಳಿಯುತ್ತದೆ.

ಬೆಲೆಗೆ ಸಂಬಂಧವಿಲ್ಲದೆ ಎರಡೂ ಬಗೆಯ ಯಂತ್ರಗಳನ್ನು ಕೊಲ್ಲುವುದು ಪೆಟ್ರೋಲ್. ಈಗ ನಮಗೆ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕಾರ್ಬ್ಯುರೇಟರಿನ ರಬ್ಬರಿನ ಪರದೆಗೂ ಒಳ್ಳೆಯದಲ್ಲ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಮೂವತ್ತೆರಡು ಸಾವಿರದ್ದೂ ಒಂಬತ್ತು ಸಾವಿರದ್ದೂ ಒಂದೇ ರೀತಿ ಕೂರುತ್ತವೆ. ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಟೂ ಸ್ಟ್ರೋಕಿಗೆ ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯಬೇಡಿ. ಕೈಪಿಡಿಯಲ್ಲಿ 1:25 ಎಂದಿದ್ದರೆ ಲೀಟರಿಗೆ 40 ಮಿ.ಲೀ., 1:50 ಎಂದಿದ್ದರೆ 20.

ಜಗಲಿಯ ಮೇಲೆ ಕುಳಿತಿದ್ದ ಸದಸ್ಯರೊಡನೆ ಲೆಕ್ಕ ಹಾಕಿದೆವು. ಮೂರು ಎಕರೆಗೆ ವರ್ಷಕ್ಕೆ ಎರಡು ಸವರಿಕೆ, ಹೆಚ್ಚೆಂದರೆ ಐವತ್ತು ಗಂಟೆ. ಒಬ್ಬರಿಗಾಗಿ ಮೂವತ್ತೆರಡು ಸಾವಿರ ಹೂಡುವುದು ದಂಡವೆಂದು ನನಗೂ ಅನಿಸಿತು. ಆದರೆ ಅವರ ಗಡಿಯ ಆಚೆಗೆ ತಮ್ಮನ ಎರಡು ಎಕರೆ, ಭಾವನವರ ನಾಲ್ಕು ಎಕರೆ ಇವೆ. ಮೂವರೂ ಸೇರಿ ದುಬಾರಿಯದನ್ನೇ ಕೊಂಡರು. ಅದು ಯಾರ ಮನೆಯ ಕೊಟ್ಟಿಗೆಯಲ್ಲಿ ಇರಬೇಕೆಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.