ಹಳೆಯ ಎಂಜಿನ್ನಿಗೆ ಹೆಡ್ ಕೂರಿಸುವುದು

ನಾನು ಯಂತ್ರಶಾಸ್ತ್ರ ಓದಿದವನಲ್ಲ. 34 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಅಂಥವನು ಮೋಟಾರಿನ ಎಂಜಿನ್ನನ್ನು ಕುರಿತು ಮಾತನಾಡಲು ಹೊರಟಿರುವುದು ಅಧಿಕಪ್ರಸಂಗವೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ನಿವೃತ್ತಿಯ ಬಳಿಕ ನಮ್ಮ ತಂದೆಯವರ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಜೋಡಿಸುವ ಕೆಲಸದಲ್ಲಿ ಮೇಸ್ತ್ರಿಯೊಬ್ಬರ ಪಕ್ಕದಲ್ಲಿ ನಾನು ಹಲವು ತಿಂಗಳು ನಿಂತಿದ್ದೆ. ಆ ಕೆಲಸದಲ್ಲಿ ಒಂದು ಭಾಗವನ್ನು ಮಾತ್ರ, ಅಂದರೆ ಸಿಲಿಂಡರ್ ಹೆಡ್ಡನ್ನು ಕೂರಿಸುವ ಕ್ರಮವನ್ನು ಮಾತ್ರ, ಇಲ್ಲಿ ವಿವರಿಸುತ್ತೇನೆ. ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1998ರ ಬೇಸಗೆಯಲ್ಲಿ ನಮ್ಮ ತಂದೆಯವರಿಗೆ ಕೊಪ್ಪದ ಸಮೀಪದಲ್ಲಿರುವ ತಮ್ಮ ಹುಟ್ಟೂರನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಯಾಯಿತು. ಆಗ ಅವರಿಗೆ 81 ವರ್ಷ. ಹೊರಡುವ ದಿನ ನಿಶ್ಚಯವಾದ ಮೇಲೆ ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿರುವುದು ಗೊತ್ತಾಯಿತು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ನಿಂತು, ಸಂಜೆಯೊಳಗೆ ಹೊಸ ಗ್ಯಾಸ್ಕೆಟ್ ಹಾಕಿ ಕೊಡಲೇಬೇಕೆಂದು ನಾನು ಅವಸರಪಡಿಸಿದೆ. "ಹೆಡ್ಡನ್ನ ಕಳಿಸಿ ಮಟ್ಟ ನೋಡಿಸಬೇಕು ಸಾರ್, ಎರಡು ದಿನ ಬೇಕು" ಎಂದು ಅಲ್ಲಿಯ ಹುಡುಗ ಹೇಳಿದ. ನಾನು ಕೇಳಲಿಲ್ಲ. ಮರುದಿನ ಚಿಕ್ಕಮಗಳೂರನ್ನು ದಾಟಿ ಆಲ್ದೂರಿನ ದಾರಿಯಲ್ಲಿ ಏರು ಹತ್ತುತ್ತಿರುವಾಗ ಎಂಜಿನ್ನು ಕುದಿಯಿತು. ಹಿಂದಿನ ಕೊಳವೆಯಿಂದ ಬಿಳಿಯ ಹಬೆ ಬಂತು. ಅಳತೆಯ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ತಂದೆಯವರು ಕಾಫಿ ತೋಟದ ಬೇಲಿಯ ಪಕ್ಕದ ಕಲ್ಲಿನ ಮೇಲೆ ಸಂಜೆಯವರೆಗೆ ಕುಳಿತಿದ್ದರು. "ಬಿಡು ಮಾರಾಯ, ಮಳೆಗಾಲ ಕಳೆದ ಮೇಲೆ ಹೋದರಾಯಿತು" ಎಂದರು. ಆ ಮಳೆಗಾಲವನ್ನು ಅವರು ದಾಟಲಿಲ್ಲ.

ಕಾರು ಬಹುಕಾಲ ಕೊಟ್ಟಿಗೆಯಲ್ಲಿ ನಿಂತಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಅನುಸರಿಸಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ನಿರ್ಮಾಣ 2014ರಲ್ಲಿ ನಿಂತುಹೋಯಿತು. ನಮ್ಮದರಲ್ಲಿರುವುದು 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಅದರ ಕೆಳಗಿನ ದೊಡ್ಡ ಭಾಗವೇ ಬ್ಲಾಕ್. ಪಿಸ್ಟನ್ನುಗಳು ಓಡಾಡುವುದು ಅದರಲ್ಲಿ. ಅದರ ಮೇಲೆ ಮುಚ್ಚಳದಂತೆ ಕೂರುವುದು ಹೆಡ್. ಇವೆರಡೂ ಎರಕದ ಕಬ್ಬಿಣದವು. ಇವುಗಳ ನಡುವೆ ಇರುವ ತೆಳುವಾದ ಹಾಳೆಯೇ ಗ್ಯಾಸ್ಕೆಟ್.

ಅಡುಗೆಮನೆಯ ಕುಕ್ಕರಿನಲ್ಲಿಯೂ ಗ್ಯಾಸ್ಕೆಟ್ ಇದೆ. ಆದರೆ ಅದು ತಡೆಯಬೇಕಾದದ್ದು ಹಬೆಯೊಂದನ್ನೇ. ಎಂಜಿನ್ನಿನ ಗ್ಯಾಸ್ಕೆಟ್ ಮೂರನ್ನು ಬೇರೆಬೇರೆಯಾಗಿ ಇರಿಸಬೇಕು: ಉರಿಯುವ ಅನಿಲ, ತಂಪು ಮಾಡುವ ನೀರು, ಜಾರುವ ಎಣ್ಣೆ. ಅನಿಲದ ಉಷ್ಣತೆ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದಕ್ಕೆ ಬೆರಳಗಲದ ದೂರದಲ್ಲಿಯೇ ನೀರು ಹರಿಯುತ್ತಿರುತ್ತದೆ. ಸಿಲಿಂಡರಿನ ವ್ಯಾಸ ಸುಮಾರು 73 ಮಿಲಿಮೀಟರ್, ಅಂದರೆ ವಿಸ್ತೀರ್ಣ ಸುಮಾರು 42 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 30 ಕಿಲೋಗ್ರಾಂ ಒತ್ತಡವೆಂದು ಹಿಡಿದರೂ, ಒಂದೊಂದು ಸ್ಫೋಟದಲ್ಲಿ ಹೆಡ್ಡನ್ನು ಮೇಲಕ್ಕೆ ನೂಕುವ ಬಲ 1200 ಕಿಲೋಗ್ರಾಂಗೂ ಹೆಚ್ಚಾಗುತ್ತದೆ. ಇಡೀ ಕಾರಿನ ತೂಕವೇ ಹೆಚ್ಚುಕಡಿಮೆ ಅಷ್ಟು. ಈ ನೂಕುವಿಕೆ ನಿಮಿಷಕ್ಕೆ ಸಾವಿರಾರು ಬಾರಿ ನಡೆಯುತ್ತದೆ. ಆದ್ದರಿಂದ ಹೆಡ್ಡನ್ನು ಬಿಗಿಯಾಗಿ ಹಿಡಿದಿಟ್ಟರೆ ಸಾಲದು, ಎಲ್ಲ ಕಡೆಯೂ ಒಂದೇ ಸಮನಾಗಿ ಹಿಡಿದಿಡಬೇಕು. ಹೆಡ್ ಕೂರಿಸುವ ವಿದ್ಯೆಯ ತಿರುಳೆಲ್ಲ ಈ ಸಮತೆಯಲ್ಲಿದೆ.

ಮೊದಲನೆಯದು ಮೇಲ್ಮೈ. ಬಿಸಿಯಾಗಿ ಕುದಿದ ಹೆಡ್ಡು ಬಾಗಿರುವ ಸಂಭವ ಹೆಚ್ಚು. ಅಂಚು ನೇರವಾದ ಉಕ್ಕಿನ ಪಟ್ಟಿಯೊಂದನ್ನು ಅದರ ತಳದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಪಟ್ಟಿಯ ಅಡಿಯಲ್ಲಿ ಫೀಲರ್ ಗೇಜಿನ ಎಲೆ ನುಗ್ಗುತ್ತದೆಯೇ ಎಂದು ನೋಡಬೇಕು. 0.05 ಮಿಲಿಮೀಟರಿನ ಎಲೆ ಸುಲಭವಾಗಿ ನುಗ್ಗಿದರೆ ಹೆಡ್ಡನ್ನು ಯಂತ್ರದಲ್ಲಿ ಮಟ್ಟ ಮಾಡಿಸುವುದೇ ಕ್ಷೇಮ. ನಮ್ಮ ಹೆಡ್ಡಿನ ಅಡಿಯಲ್ಲಿ ಅದರ ಮೂರರಷ್ಟು ದಪ್ಪದ ಎಲೆ ನಡುವೆ ಸರಾಗವಾಗಿ ಹೋಯಿತು. ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಆ ಹುಡುಗ ಕೇಳಿದ ಎರಡು ದಿನ ಯಾವುದಕ್ಕೆಂದು ನನಗೆ ಅರ್ಥವಾದದ್ದು ಆಗ. ವಾಲ್ವ್ ಕೂರುವ ಬಾಯಿಗಳ ನಡುವೆ ಬಿರುಕನ್ನೂ ಹುಡುಕಬೇಕು. ಕೆಂಪು ದ್ರವವನ್ನು ಸವರಿ, ಒರೆಸಿ, ಬಿಳಿಯ ಪುಡಿಯನ್ನು ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಪುಣ್ಯಕ್ಕೆ ನಮ್ಮದರಲ್ಲಿ ಮೂಡಲಿಲ್ಲ.

ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಬಿಡಿಸುವಾಗ ಎಚ್ಚರ ಬೇಕು. ಆ ಕಾಲದವುಗಳಲ್ಲಿ ತಾಮ್ರದ ಹಾಳೆಗಳ ನಡುವೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಒದ್ದೆ ಮಾಡಿಕೊಂಡು, ಧೂಳೇಳದಂತೆ ಬಿಡಿಸಬೇಕು.

ಎರಡನೆಯದು ಸ್ಟಡ್ಡುಗಳು. ಬ್ಲಾಕಿನಿಂದ ಮೇಲಕ್ಕೆ ನಿಂತಿರುವ 11 ಉಕ್ಕಿನ ಕಡ್ಡಿಗಳು ಹೆಡ್ಡಿನ ರಂಧ್ರಗಳ ಮೂಲಕ ಹೊರಬರುತ್ತವೆ. ಅವುಗಳ ತುದಿಗೆ ನಟ್ಟು. ನಟ್ಟನ್ನು ತಿರುಗಿಸಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನಂತೆ ಅದು ಕುಗ್ಗಲು ಯತ್ನಿಸುವುದರಿಂದಲೇ ಹೆಡ್ಡು ಬಿಗಿಯಾಗಿ ಉಳಿಯುತ್ತದೆ. ತಿರುಚುವ ಬಲವನ್ನು ಅಳೆದು ತೋರಿಸಲು ಟಾರ್ಕ್ ರೆಂಚ್ ಎಂಬ ಸಾಧನವಿದೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 50 ಪಾಲು ನಟ್ಟಿನ ಅಡಿಯ ಉಜ್ಜುವಿಕೆಗೂ, ಸುಮಾರು 40 ಪಾಲು ಮರೆಯ ಉಜ್ಜುವಿಕೆಗೂ ವ್ಯಯವಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ಹತ್ತೇ ಪಾಲು. ಮರೆಗೆ ತುಕ್ಕು ಹಿಡಿದಿದ್ದರೆ ಆ ಹತ್ತೂ ಉಳಿಯುವುದಿಲ್ಲ. ರೆಂಚು ಮಾತ್ರ ಸರಿಯಾದ ಅಂಕಿಯನ್ನೇ ತೋರಿಸುತ್ತದೆ! ಆದ್ದರಿಂದ ಮರೆಗಳನ್ನು ತೊಳೆದು, ಒರೆಸಿ, ಕೈಪಿಡಿ ಹೇಳಿದಂತೆ ಎಣ್ಣೆ ಸವರಿ, ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಇಳಿಯುವಂತೆ ಮಾಡಿಕೊಳ್ಳಬೇಕು. "ನಟ್ಟು ಬೆರಳಿಗೆ ಬಗ್ಗದಿದ್ರೆ ರೆಂಚಿಗೂ ಸುಳ್ಳೇ ಹೇಳುತ್ತೆ ಮೇಷ್ಟ್ರೇ" ಎಂದರು ನಮ್ಮ ಮೇಸ್ತ್ರಿ.

ಮೂರನೆಯದು ಜೋಡಣೆಯ ಕ್ರಮ. ಗ್ಯಾಸ್ಕೆಟ್ಟಿನ ಮೇಲೆ ಯಾವುದು ಮೇಲ್ಬದಿ, ಯಾವುದು ಮುಂಬದಿ ಎಂದು ಗುರುತು ಹಾಕಿರುತ್ತಾರೆ. ತಿರುಗುಮುರುಗಾಗಿ ಇಟ್ಟರೆ ನೀರಿನ ದಾರಿಯೋ ಎಣ್ಣೆಯ ದಾರಿಯೋ ಮುಚ್ಚಿಹೋದೀತು. ಅದನ್ನು ಇಟ್ಟ ಮೇಲೆ ಹೆಡ್ಡನ್ನು ಇಬ್ಬರು ಹಿಡಿದು ಓರೆಯಾಗದಂತೆ ಇಳಿಸಬೇಕು. ಈ ಎಂಜಿನ್ನಿನಲ್ಲಿ ಒಂದು ವಿಶೇಷವಿದೆ. ವಾಲ್ವುಗಳನ್ನು ಒತ್ತುವ ರಾಕರುಗಳ ಸಾಲನ್ನು ಹೊತ್ತ ಕಂಬಗಳನ್ನು ಹಿಡಿಯುವ ನಟ್ಟುಗಳಲ್ಲಿ ನಾಲ್ಕು ಹೆಡ್ಡಿನ ನಟ್ಟುಗಳೇ ಆಗಿವೆ. ಆದ್ದರಿಂದ ಮೊದಲು ಪುಷ್ ರಾಡುಗಳನ್ನು ಅವುಗಳ ಹಿಂದಿನ ಸ್ಥಾನಗಳಲ್ಲಿಯೇ ಇಳಿಸಿ, ರಾಕರಿನ ತಿರುಪುಗಳನ್ನು ಸಡಿಲಿಸಿ, ಆ ಸಾಲನ್ನು ಕೂರಿಸಿದ ಮೇಲೆಯೇ ಬಿಗಿಯಲು ತೊಡಗಬೇಕು.

ಬಿಗಿಯುವುದು ನಡುವಿನ ನಟ್ಟಿನಿಂದ ಮೊದಲಾಗಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ, ಹೊರಹೊರಕ್ಕೆ ಸಾಗಬೇಕು. ತುದಿಗಳನ್ನು ಮೊದಲು ಬಿಗಿದರೆ ಗ್ಯಾಸ್ಕೆಟ್ಟಿನ ಉಬ್ಬು ನಡುವೆ ಸಿಕ್ಕಿಕೊಳ್ಳುತ್ತದೆ. ಚಾಪೆಯನ್ನು ಹಾಸುವವರು ನಡುವಿನಿಂದ ಅಂಚಿಗೆ ಕೈಯಾಡಿಸುವುದಿಲ್ಲವೇ, ಹಾಗೆ. ಒಂದೇ ಸಲಕ್ಕೆ ಪೂರ್ತಿ ಬಿಗಿಯಲೂ ಬಾರದು. ಮೊದಲ ಸುತ್ತಿನಲ್ಲಿ ಕೈಪಿಡಿಯ ಅಂಕಿಯ ಮೂರನೆಯ ಒಂದು ಭಾಗ, ಎರಡನೆಯ ಸುತ್ತಿನಲ್ಲಿ ಮೂರನೆಯ ಎರಡು ಭಾಗ, ಮೂರನೆಯ ಸುತ್ತಿನಲ್ಲಿ ಪೂರ್ಣ. ಮೂರು ಸುತ್ತಿಗೆ ಮೇಸ್ತ್ರಿ ಒಂದು ಗಂಟೆ ತೆಗೆದುಕೊಂಡರು. ನಾನು ಪಕ್ಕದಲ್ಲಿ ನಿಂತು ನಟ್ಟಿನ ಸಂಖ್ಯೆಯನ್ನು ಕೂಗುತ್ತಿದ್ದೆ.

ಬಳಿಕ ವಾಲ್ವುಗಳ ಸಂದು. ಇಲ್ಲಿ ಒಂಬತ್ತರ ಲೆಕ್ಕವೊಂದಿದೆ. ಎಂಟು ವಾಲ್ವುಗಳಿಗೆ ಮುಂದಿನಿಂದ ಕ್ರಮವಾಗಿ ಸಂಖ್ಯೆ ಕೊಟ್ಟರೆ, 8ನೆಯದು ಪೂರ್ಣ ತೆರೆದಿರುವಾಗ 1ನೆಯದರ ಸಂದನ್ನು ಸರಿಪಡಿಸಬೇಕು. 6 ತೆರೆದಾಗ 3, 4 ತೆರೆದಾಗ 5. ಎರಡರ ಮೊತ್ತ ಯಾವಾಗಲೂ 9.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಹೊಸ ಗ್ಯಾಸ್ಕೆಟ್ ಬಿಸಿಗೆ ಇನ್ನಷ್ಟು ಅಡಗುತ್ತದೆ. ನಟ್ಟುಗಳ ಬಿಗಿ ಸ್ವಲ್ಪ ಸಡಿಲುತ್ತದೆ. ಕೆಲವು ನೂರು ಕಿಲೋಮೀಟರು ಓಡಿಸಿ, ಅದೇ ಕ್ರಮದಲ್ಲಿ ಮತ್ತೊಮ್ಮೆ ಬಿಗಿದು, ಸಂದುಗಳನ್ನು ಮತ್ತೆ ನೋಡಬೇಕು. ಎಂಜಿನ್ನು ಮೊದಲ ಸಲ ಸದ್ದು ಮಾಡಿದ ದಿನವೇ ನಾನು ಕೊಪ್ಪದ ಮಾತೆತ್ತಿದೆ. ಮೇಸ್ತ್ರಿ ತಲೆಯಲ್ಲಾಡಿಸಿದರು. "ಐನೂರು ಕಿಲೋಮೀಟರು ಇಲ್ಲೇ ಸುತ್ತಮುತ್ತ ಓಡ್ಸಿ ತನ್ನಿ. ಆಮೇಲೆ ಎಲ್ಲಿಗಾದ್ರೂ ಹೋಗಿ" ಎಂದರು.

ಈ ಸಲ ಕಾದೆ. ನಂಜನಗೂಡಿಗೆ, ಶ್ರೀರಂಗಪಟ್ಟಣಕ್ಕೆ, ಮತ್ತೆ ನಂಜನಗೂಡಿಗೆ ಹೋಗಿಬಂದು ಐನೂರು ತುಂಬಿಸಿದೆ. ಎರಡನೆಯ ಬಿಗಿತದಲ್ಲಿ 11 ನಟ್ಟುಗಳ ಪೈಕಿ ಏಳು ಸ್ವಲ್ಪ ತಿರುಗಿದವು. ಅವು ಹಾಗೆಯೇ ಉಳಿದಿದ್ದರೆ ಮತ್ತೆ ಅದೇ ಏರಿನಲ್ಲಿ ನಿಲ್ಲಬೇಕಾಗುತ್ತಿತ್ತೋ ಏನೋ.

ಮುಂದಿನ ವಾರ ಆಲ್ದೂರಿನ ದಾರಿಯನ್ನು ಎಂಜಿನ್ನು ಕುದಿಯದೆ ಹತ್ತಿತು. ಆ ಬೇಲಿಯ ಬಳಿ ಕಾರನ್ನು ನಿಲ್ಲಿಸಿದೆ. ರಸ್ತೆಯನ್ನು ಅಗಲ ಮಾಡಿದ್ದಾರೆ. ತಂದೆಯವರು ಕುಳಿತ ಕಲ್ಲು ಈಗ ಅಲ್ಲಿಲ್ಲ. ಮಧ್ಯಾಹ್ನದೊಳಗೆ ಊರು ಮುಟ್ಟಿದೆವು.