ಕೀಲಿಮಣೆಯ ಮೇಲಿನ ಚಿಲಕಗಳು

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ತೀರದಲ್ಲಿ ಗಲಗಲಿ ಎಂಬ ಗ್ರಾಮವಿದೆ. ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಗಲಗಲಿ ಅವ್ವನ ಹೆಸರಿನಿಂದ ಇದು ಪರಿಚಿತವಾದ ಊರು. ಇಲ್ಲಿಂದ ಹೊರಟ ಕಾಗದವೊಂದು ಬೆಂಗಳೂರನ್ನು ತಲುಪಬೇಕಾದರೆ ಅನೇಕ ಕೈಗಳನ್ನು ದಾಟಬೇಕು. ಆದುದರಿಂದಲೇ ನಾವು ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸುತ್ತೇವೆ. ಅಂಚೆಯವನಿಗೆ ವಿಳಾಸ ಕಂಡರೆ ಸಾಕು. ಒಳಗಿನ ಮಾತು ಅವನಿಗೆ ಬೇಕಾಗಿಲ್ಲ.

ಅದೇ ಊರಿನ ವಿದ್ಯಾರ್ಥಿಯೊಬ್ಬಳು ಇಂದು ತನ್ನ ಸಂದೇಹವನ್ನು ಕಾಗದದಲ್ಲಿ ಬರೆಯುವುದಿಲ್ಲ. ಗಣಕಯಂತ್ರದ ಮುಂದೆ ಕುಳಿತು ಕೇಳುತ್ತಾಳೆ. ಆ ಸಂದೇಹವು ಪರೀಕ್ಷೆಯದಾಗಿರಬಹುದು, ವಿದ್ಯಾರ್ಥಿವೇತನದ್ದಾಗಿರಬಹುದು, ತಾಯಿಗೆ ಬಂದಿರುವ ಕಾಯಿಲೆಯದಾಗಿರಬಹುದು. ಕ್ಷಣಾರ್ಧದಲ್ಲಿ ಉತ್ತರವೇನೋ ಬರುತ್ತದೆ. ಆದರೆ ಆ ಪ್ರಶ್ನೆಯನ್ನು ಇನ್ನಾರು ಓದಿದರು? ಲಕೋಟೆಯು ಅಂಟಿತ್ತೇ, ತೆರೆದಿತ್ತೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ, ಏಕಾಂತವನ್ನು ಕಾಪಾಡುವುದೇ ತನ್ನ ಉದ್ದೇಶವೆಂದು ಹೇಳಿಕೊಂಡಿರುವ ‘ಬ್ರೇವ್’ ಎಂಬ ಬ್ರೌಸರಿನ ಪರಿಚಯವನ್ನೂ, ಅದರಲ್ಲಿ ಬೆರಳ ತುದಿಗೆ ಸಿಗುವ ಕೆಲವು ಕೀಲಿಗಳ ಪರಿಚಯವನ್ನೂ ಇಲ್ಲಿ ಮಾಡಿಕೊಳ್ಳೋಣ.

ನೋಡುವವರು ಮೂವರು

ಜಾಲದಲ್ಲಿ ನಮ್ಮನ್ನು ನೋಡುವವರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಒಂದನೆಯವರು, ಅದೇ ಯಂತ್ರವನ್ನು ನಮ್ಮ ನಂತರ ಬಳಸುವವರು: ಮನೆಯ ಜನ, ಕಾಲೇಜಿನ ಪ್ರಯೋಗಶಾಲೆಯ ಸಹಪಾಠಿ, ಸೈಬರ್ ಅಂಗಡಿಯ ಮುಂದಿನ ಗಿರಾಕಿ. ಎರಡನೆಯವರು, ನಾವು ಭೇಟಿಕೊಡುವ ಜಾಲತಾಣಗಳು ಮತ್ತು ಅವುಗಳಲ್ಲಿ ಠಾಣೆ ಹೂಡಿರುವ ಜಾಹೀರಾತಿನ ಸಂಸ್ಥೆಗಳು. ಮೂರನೆಯವರು, ನಮ್ಮ ಸಂದೇಶಗಳನ್ನು ಹೊತ್ತೊಯ್ಯುವವರು, ಅಂದರೆ ಅಂತರಜಾಲದ ಸಂಪರ್ಕವನ್ನು ಒದಗಿಸುವ ಕಂಪನಿಗಳು ಮತ್ತು ಕಾಲೇಜಿನ ಜಾಲವನ್ನು ನಡೆಸುವವರು.

ಈ ಮೂವರನ್ನೂ ಒಂದೇ ಚಿಲಕದಿಂದ ಹೊರಗಿಡಲು ಸಾಧ್ಯವಿಲ್ಲ. ಯಾವ ಕೀಲಿಯು ಯಾವ ಬಾಗಿಲನ್ನು ಮುಚ್ಚುತ್ತದೆ ಎಂಬುದನ್ನು ತಿಳಿಯದೆ ಒತ್ತುವವನು, ಹಿತ್ತಲ ಬಾಗಿಲನ್ನು ತೆರೆದಿಟ್ಟು ತಲೆಬಾಗಿಲಿಗೆ ಬೀಗ ಹಾಕಿದವನಂತೆ ನಿಶ್ಚಿಂತನಾಗಿ ಮಲಗುವನು.

ಕಂಟ್ರೋಲ್ ಕೀಲಿಯ ಪೂರ್ವಕಥೆ

ಕೀಲಿಮಣೆಯ ಮೂಲೆಯಲ್ಲಿರುವ ‘ಕಂಟ್ರೋಲ್’ ಕೀಲಿಯು ಬ್ರೌಸರಿಗಿಂತ ಬಹಳ ಹಳೆಯದು. ದೂರದ ಊರಿಗೆ ತಂತಿಯ ಮೂಲಕ ಅಕ್ಷರಗಳನ್ನು ಕಳುಹಿಸುತ್ತಿದ್ದ ಟೆಲಿಪ್ರಿಂಟರ್ ಯಂತ್ರಗಳಲ್ಲಿ ಅದು ಇದ್ದಿತು. ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆಸ್ಕಿ’ ಎಂಬ ಸಂಕೇತಮಾಲೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತಾಯಿತು. ‘ಜಿ’ ಎಂಬ ದೊಡ್ಡಕ್ಷರದ ಸಂಖ್ಯೆ ೭೧. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಜಿಯನ್ನು ಒತ್ತಿದರೆ, ಆ ಸಂಖ್ಯೆಯಿಂದ ೬೪ ಕಳೆದು ೭ ಮಾತ್ರ ತಂತಿಯಲ್ಲಿ ಹೋಗುತ್ತಿತ್ತು. ೭ ಅಕ್ಷರವಲ್ಲ, ಆಜ್ಞೆ: ಅದು ತಲುಪಿದೊಡನೆ ಆ ಕಡೆಯ ಯಂತ್ರದಲ್ಲಿ ಗಂಟೆ ಬಾರಿಸುತ್ತಿತ್ತು.

ಅಕ್ಷರವನ್ನು ಆಜ್ಞೆಯನ್ನಾಗಿ ಮಾರ್ಪಡಿಸುವ ಈ ಉಪಾಯವೇ ಇಂದಿನ ಎಲ್ಲ ಅಡ್ಡದಾರಿ ಕೀಲಿಗಳಿಗೂ ಮೂಲ. ಬ್ರೇವ್‌ನಲ್ಲಿ ಕಂಟ್ರೋಲಿನೊಡನೆ ಟಿ ಒತ್ತಿದರೆ ಹೊಸ ಟ್ಯಾಬು ತೆರೆಯುತ್ತದೆ. ಡಬ್ಲ್ಯು ಒತ್ತಿದರೆ ಇರುವ ಟ್ಯಾಬು ಮುಚ್ಚುತ್ತದೆ. ಎಲ್ ಒತ್ತಿದರೆ ವಿಳಾಸ ಬರೆಯುವ ಪಟ್ಟಿಗೆ ಹೋಗುತ್ತೇವೆ. ಎಫ್ ಒತ್ತಿದರೆ ಪುಟದಲ್ಲಿ ಪದವನ್ನು ಹುಡುಕಬಹುದು. ಕೈತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಕೂಡಿಸಿ ಒತ್ತಿ ಮರಳಿ ಪಡೆಯಬಹುದು. ಇವೆಲ್ಲವೂ ಸಮಯವನ್ನು ಉಳಿಸುವ ಕೀಲಿಗಳು. ನಮಗೆ ಇಂದು ಬೇಕಾದುದು ಏಕಾಂತವನ್ನು ಉಳಿಸುವ ಕೀಲಿಗಳು.

ಬ್ರೇವ್ ಬಂದ ದಾರಿ

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು ೧೯೯೦ರಲ್ಲಿ ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರನ್ನು ರಚಿಸಿದಾಗ ಜಾಲಕ್ಕೆ ನೆನಪು ಎಂಬುದೇ ಇರಲಿಲ್ಲ. ಒಂದು ಪುಟವನ್ನು ಕೊಟ್ಟ ಯಂತ್ರವು ಮರುಕ್ಷಣವೇ ಕೇಳಿದವನನ್ನು ಮರೆತುಬಿಡುತ್ತಿತ್ತು. ಇದರಿಂದ ಅಂಗಡಿ ನಡೆಸುವುದು ಕಷ್ಟವಾಯಿತು. ೧೯೯೪ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ‘ಕುಕಿ’ ಎಂಬ ಉಪಾಯವನ್ನು ಕಂಡುಹಿಡಿದನು. ದೇವಸ್ಥಾನದ ಮುಂದೆ ಪಾದರಕ್ಷೆ ಬಿಟ್ಟಾಗ ಕೊಡುವ ಚೀಟಿಯಂತೆ ಜಾಲತಾಣವು ನಮ್ಮ ಬ್ರೌಸರಿಗೆ ಒಂದು ಚೀಟಿಯನ್ನು ಕೊಡುತ್ತದೆ. ಮತ್ತೆ ಹೋದಾಗ ಅದನ್ನು ತೋರಿಸಿದರೆ ಗುರುತು ಹಿಡಿಯುತ್ತದೆ.

ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಬ್ಬನೇ ವ್ಯಾಪಾರಿಯು ಜಮಖಂಡಿ, ಮುಧೋಳ, ಬನಹಟ್ಟಿಗಳ ಸಂತೆಗಳಲ್ಲೆಲ್ಲ ಪ್ರತಿಯೊಂದು ಅಂಗಡಿಯ ಬಾಗಿಲಿಗೂ ತನ್ನ ಆಳನ್ನು ನಿಲ್ಲಿಸಿ, ಬಂದವರ ಚೀಟಿಯನ್ನು ನೋಡಿ ಬರೆದುಕೊಳ್ಳುವಂತೆ ಮಾಡಿದನೆಂದು ಭಾವಿಸೋಣ. ಈ ಗಿರಾಕಿಯು ಬೆಳಗ್ಗೆ ಔಷಧಿಯನ್ನು ಕೇಳಿದನು, ಮಧ್ಯಾಹ್ನ ಸಾಲದ ವಿಚಾರ ಮಾಡಿದನು, ಸಂಜೆ ಇಂಥ ಪಕ್ಷದ ಪತ್ರಿಕೆಯನ್ನು ಓದಿದನು ಎಂಬ ಲೆಕ್ಕವು ಅವನ ಪುಸ್ತಕದಲ್ಲಿ ಸೇರಿಬಿಡುವುದು. ಜಾಹೀರಾತಿನ ಸಂಸ್ಥೆಗಳು ಅನೇಕ ಜಾಲತಾಣಗಳಲ್ಲಿ ನಡೆಸುತ್ತಿರುವುದು ಇದನ್ನೇ.

ಆ ನೆಟ್‌ಸ್ಕೇಪ್ ಕಂಪನಿಯಲ್ಲಿಯೇ ೧೯೯೫ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಎಂಬಾತನು ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ರಚಿಸಿದನು. ಇಂದು ಪುಟಗಳು ಚಲಿಸುವುದೂ, ಪುಟದಲ್ಲಿ ಅಡಗಿದವರು ನಮ್ಮನ್ನು ಅಳೆಯುವುದೂ ಬಹುಪಾಲು ಆ ಭಾಷೆಯ ಬಲದಿಂದಲೇ. ಮುಂದೆ ಮೊಝಿಲ್ಲ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾಗಿದ್ದ ಐಕ್, ೨೦೧೫ರಲ್ಲಿ ಬ್ರಯನ್ ಬಾಂಡಿಯೊಡನೆ ಬ್ರೇವ್ ಸಂಸ್ಥೆಯನ್ನು ಕಟ್ಟಿದನು. ಬ್ರೌಸರಿನ ಪ್ರಥಮ ರೂಪವು ೨೦೧೬ರ ಜನವರಿಯಲ್ಲಿಯೂ, ೧.೦ ಎಂಬ ಪೂರ್ಣ ಆವೃತ್ತಿಯು ೨೦೧೯ರ ನವೆಂಬರಿನಲ್ಲಿಯೂ ಹೊರಬಂದವು. ಗೂಗಲ್ ಸಂಸ್ಥೆಯು ೨೦೦೮ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ರೋಮಿಯಂ ಎಂಬ ತಳಹದಿಯ ಮೇಲೆಯೇ ಇಂದಿನ ಬ್ರೇವ್ ನಿಂತಿದೆ. ಆದುದರಿಂದ ಕ್ರೋಮ್ ಬಳಸಿದವರಿಗೆ ಇದರ ಕೀಲಿಗಳು ಹೆಚ್ಚುಪಾಲು ಹೊಸವೆನಿಸುವುದಿಲ್ಲ.

ಮೊದಲನೆಯ ಚಿಲಕ

ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒತ್ತಿದರೆ ‘ಖಾಸಗಿ ಕಿಟಕಿ’ ತೆರೆಯುತ್ತದೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಎನ್ ಬದಲು ಪಿ ಒತ್ತಬೇಕು. ಆ ಕಿಟಕಿಯಲ್ಲಿ ಭೇಟಿಕೊಟ್ಟ ತಾಣಗಳ ಪಟ್ಟಿಯೂ, ದೊರೆತ ಕುಕಿಗಳೂ ಖಾಸಗಿ ಕಿಟಕಿಗಳನ್ನೆಲ್ಲ ಮುಚ್ಚಿದೊಡನೆ ಯಂತ್ರದಿಂದ ಅಳಿದುಹೋಗುತ್ತವೆ. ಸಾಮಾನ್ಯ ಕಿಟಕಿಯಲ್ಲಿ ಈಗಾಗಲೇ ಉಳಿದಿರುವ ಗುರುತುಗಳನ್ನು ಅಳಿಸಬೇಕಾದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ, ಎಷ್ಟು ಕಾಲದ ಯಾವ ಯಾವ ಗುರುತು ಬೇಡವೆಂಬುದನ್ನು ಆರಿಸಬಹುದು.

ಈ ಚಿಲಕವು ಮುಚ್ಚುವುದು ಮೊದಲನೆಯ ನೋಡುಗನ ಬಾಗಿಲನ್ನು ಮಾತ್ರ. ನಾವು ಇಳಿಸಿಕೊಂಡ ಕಡತಗಳು ಯಂತ್ರದಲ್ಲಿಯೇ ಉಳಿಯುತ್ತವೆ. ಅಂಕಪಟ್ಟಿಯನ್ನು ಸೈಬರ್ ಅಂಗಡಿಯಲ್ಲಿ ಇಳಿಸಿಕೊಂಡವರು ಅದನ್ನು ಬೇರೆಯಾಗಿ ಅಳಿಸಬೇಕು. ಜಾಲತಾಣಗಳಿಗಾಗಲಿ ಸಂಪರ್ಕ ಕೊಡುವ ಕಂಪನಿಗಾಗಲಿ ನಾವು ಈ ಕೀಲಿಯಿಂದ ಅದೃಶ್ಯರಾಗುವುದಿಲ್ಲ.

ಈ ಭ್ರಮೆಯು ಸಣ್ಣದಲ್ಲ. ಕ್ರೋಮ್ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಓಡಾಡಿದವರ ಮಾಹಿತಿಯನ್ನೂ ಸಂಗ್ರಹಿಸಲಾಗಿದೆಯೆಂದು ೨೦೨೦ರಲ್ಲಿ ಅಮೆರಿಕದಲ್ಲಿ ಗೂಗಲ್ ಸಂಸ್ಥೆಯ ಮೇಲೆ ದಾವೆ ಹೂಡಲಾಯಿತು. ೨೦೨೪ರ ಏಪ್ರಿಲಿನಲ್ಲಿ ಪ್ರಕಟವಾದ ರಾಜಿಯ ಪ್ರಕಾರ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಆ ಸಂಸ್ಥೆಯು ಒಪ್ಪಿಕೊಂಡಿತು. ‘ಖಾಸಗಿ’ ಎಂಬ ಒಂದು ಪದವನ್ನು ಜನರು ಎಷ್ಟು ಅಗಲವಾಗಿ ಅರ್ಥಮಾಡಿಕೊಂಡಿದ್ದರೆಂಬುದು ಇದರಿಂದ ಸ್ಪಷ್ಟವಾಗುವುದು.

ಎರಡನೆಯ ಚಿಲಕ

ಬ್ರೇವ್‌ನ ವೈಶಿಷ್ಟ್ಯವಿರುವುದು ಎರಡನೆಯ ನೋಡುಗನನ್ನು ತಡೆಯುವುದರಲ್ಲಿ. ಇದಕ್ಕೆ ಯಾವ ಕೀಲಿಯನ್ನೂ ಒತ್ತಬೇಕಾಗಿಲ್ಲ. ‘ಶೀಲ್ಡ್ಸ್’, ಅಂದರೆ ಗುರಾಣಿಗಳು, ಎಂಬ ವ್ಯವಸ್ಥೆಯು ಮೊದಲಿನಿಂದಲೇ ಕೆಲಸಮಾಡುತ್ತಿರುತ್ತದೆ. ವಿಳಾಸದ ಪಟ್ಟಿಯ ಪಕ್ಕದಲ್ಲಿರುವ ಸಿಂಹದ ಚಿಹ್ನೆಯನ್ನು ಒತ್ತಿದರೆ, ಆ ಪುಟದಲ್ಲಿ ಎಷ್ಟು ಹಿಂಬಾಲಕರನ್ನು ತಡೆಯಲಾಯಿತೆಂಬ ಲೆಕ್ಕವು ಕಾಣುವುದು.

ಕುಕಿಗಳನ್ನು ತಡೆದರೂ ಇನ್ನೊಂದು ತೊಂದರೆ ಉಂಟು. ಪರದೆಯ ಅಳತೆ, ಯಂತ್ರದ ಗಡಿಯಾರದ ವಲಯ, ಅದರಲ್ಲಿರುವ ಅಕ್ಷರವಿನ್ಯಾಸಗಳು ಮುಂತಾದ ಸಣ್ಣ ಸಣ್ಣ ಲಕ್ಷಣಗಳನ್ನು ಕೂಡಿಸಿದರೆ ಬೆರಳಚ್ಚಿನಂತಹ ಗುರುತೊಂದು ಸಿದ್ಧವಾಗುತ್ತದೆ. ೨೦೧೦ರಲ್ಲಿ ಪೀಟರ್ ಎಕರ್ಸ್‌ಲಿ ಎಂಬ ಸಂಶೋಧಕನು ಸುಮಾರು ೪ ಲಕ್ಷ ೭೦ ಸಾವಿರ ಬ್ರೌಸರುಗಳನ್ನು ಪರೀಕ್ಷಿಸಿದಾಗ, ನೂರರಲ್ಲಿ ೮೩ಕ್ಕಿಂತಲೂ ಹೆಚ್ಚಿನವು ಮಿಕ್ಕವೆಲ್ಲಕ್ಕಿಂತ ಬೇರೆಯಾದ ಬೆರಳಚ್ಚನ್ನು ಹೊಂದಿದ್ದವು. ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಲಕ್ಷಣವು ವಿರಳವಾದಷ್ಟೂ ಗುರುತು ಸುಲಭವಾಗುವುದು. ಜಗತ್ತಿನ ಯಂತ್ರಗಳ ನಡುವೆ, ವಿಶೇಷವಾದ ಕನ್ನಡ ಅಕ್ಷರವಿನ್ಯಾಸಗಳನ್ನು ಸೇರಿಸಿಕೊಂಡ ಯಂತ್ರವು ಗುಂಪಿನಲ್ಲಿ ಇಳಕಲ್ ಸೀರೆಯುಟ್ಟವಳಂತೆ ಎದ್ದುಕಾಣಬಲ್ಲದು. ಬ್ರೇವ್ ಇದಕ್ಕೆ ಹೂಡಿರುವ ಉಪಾಯವೆಂದರೆ, ಅಳೆಯಬಂದವರಿಗೆ ಕೆಲವು ಅಳತೆಗಳನ್ನು ತಾಣತಾಣಕ್ಕೂ ಸ್ವಲ್ಪ ಬದಲಾಯಿಸಿ ಕೊಡುವುದು. ನಿನ್ನೆಯ ಬೆರಳಚ್ಚು ಇಂದಿನದಕ್ಕೆ ಹೊಂದದಿದ್ದರೆ ಲೆಕ್ಕದ ಪುಸ್ತಕವು ವ್ಯರ್ಥವಾಗುವುದು.

ಮೂರನೆಯ ಚಿಲಕ

ಇನ್ನು ಉಳಿದವನು ಸಂದೇಶವನ್ನು ಹೊರುವವನು. ಇಂದಿನ ಬಹುಪಾಲು ತಾಣಗಳಲ್ಲಿ ಪುಟದ ವಿಷಯವು ಗೂಢಲಿಪಿಯಲ್ಲಿ ಸಾಗುತ್ತದೆಯಾದರೂ, ಯಾವ ತಾಣಕ್ಕೆ ಹೋದೆವೆಂಬುದು ಅವನಿಗೆ ಸಾಮಾನ್ಯವಾಗಿ ತಿಳಿಯುತ್ತದೆ. ಬ್ರೇವ್‌ನಲ್ಲಿ ಆಲ್ಟ್, ಶಿಫ್ಟ್, ಎನ್ ಒತ್ತಿದರೆ ‘ಟಾರ್’ ಜಾಲದ ಮೂಲಕ ಸಾಗುವ ಖಾಸಗಿ ಕಿಟಕಿ ತೆರೆಯುತ್ತದೆ. ೨೦೧೮ರಲ್ಲಿ ಈ ಸೌಕರ್ಯವನ್ನು ಸೇರಿಸಲಾಯಿತು.

ಟಾರ್ ಎಂಬುದರ ತತ್ತ್ವವು ೧೯೯೦ರ ದಶಕದ ಮಧ್ಯದಲ್ಲಿ ಅಮೆರಿಕದ ನೌಕಾಸಂಶೋಧನಾಲಯದಲ್ಲಿ ರೂಪುಗೊಂಡಿತು. ಅದನ್ನು ನಮ್ಮ ಊರುಗಳ ಮೂಲಕವೇ ತಿಳಿಯೋಣ. ಗಲಗಲಿಯ ವಿದ್ಯಾರ್ಥಿನಿಯು ಬೆಂಗಳೂರಿನ ಗ್ರಂಥಾಲಯಕ್ಕೆ ಬರೆದ ಕಾಗದವನ್ನು ಒಂದರೊಳಗೊಂದಾಗಿ ಮೂರು ಲಕೋಟೆಗಳಲ್ಲಿಟ್ಟು ಜಮಖಂಡಿಗೆ ಕಳುಹಿಸುತ್ತಾಳೆ. ಜಮಖಂಡಿಯವನು ಹೊರಲಕೋಟೆಯನ್ನು ತೆಗೆದರೆ ಒಳಗೆ ‘ಮುಧೋಳಕ್ಕೆ’ ಎಂದಷ್ಟೇ ಇರುತ್ತದೆ. ಮುಧೋಳದವನು ಎರಡನೆಯದನ್ನು ತೆಗೆದರೆ ‘ಬನಹಟ್ಟಿಗೆ’ ಎಂದಿರುತ್ತದೆ. ಬನಹಟ್ಟಿಯವನು ಕೊನೆಯದನ್ನು ತೆಗೆದು ಬೆಂಗಳೂರಿಗೆ ರವಾನಿಸುತ್ತಾನೆ. ಕಳುಹಿಸಿದವಳು ಯಾರೆಂದು ಜಮಖಂಡಿಗೆ ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಎಲ್ಲಿಗೆಂದು ಬನಹಟ್ಟಿಗೆ ಗೊತ್ತು, ಯಾರೆಂದು ಗೊತ್ತಿಲ್ಲ. ಮುಧೋಳಕ್ಕೆ ಎರಡೂ ಗೊತ್ತಿಲ್ಲ. ಇಷ್ಟು ಕೈಗಳನ್ನು ದಾಟಬೇಕಾದುದರಿಂದ ಟಾರ್ ಮೂಲಕ ಪುಟಗಳು ನಿಧಾನವಾಗಿ ಬರುವುದು ಸಹಜ.

ಆದರೆ ಕಾಗದದ ಕೆಳಗೆ ಅವಳೇ ಸಹಿಮಾಡಿದ್ದರೆ? ತನ್ನ ಹೆಸರಿನ ಖಾತೆಗೆ ಗುಪ್ತಪದವನ್ನು ಕೊಟ್ಟು ಒಳಹೊಕ್ಕವನನ್ನು ಯಾವ ಲಕೋಟೆಯೂ ಮರೆಮಾಡದು. ಇದು ಮೂರು ಚಿಲಕಗಳಿಗೂ ಅನ್ವಯಿಸುವ ಮಾತು.

ಚಿಲಕವೂ ಸಡಿಲವಾಗುವುದುಂಟು

ಏಕಾಂತದ ಹೆಸರನ್ನು ಹೊತ್ತ ಬ್ರೌಸರನ್ನೂ ಕಣ್ಣುಮುಚ್ಚಿ ನಂಬಬಾರದು. ೨೦೨೦ರ ಜೂನ್‌ನಲ್ಲಿ, ಕೆಲವು ಹಣಕಾಸಿನ ತಾಣಗಳ ವಿಳಾಸವನ್ನು ಬಳಕೆದಾರರು ಬರೆಯುವಾಗ, ಬ್ರೇವ್ ಸಂಸ್ಥೆಗೆ ದಲ್ಲಾಳಿ ದೊರೆಯುವಂತಹ ವಿಳಾಸವನ್ನು ಬ್ರೌಸರು ತಾನೇ ಪೂರ್ತಿಮಾಡುತ್ತಿದ್ದುದು ಬಯಲಾಯಿತು. ಐಕ್ ಕ್ಷಮೆ ಕೇಳಿ ಅದನ್ನು ಸರಿಪಡಿಸಿದನು. ೨೦೨೧ರ ಫೆಬ್ರವರಿಯಲ್ಲಿ, ಟಾರ್ ಕಿಟಕಿಯಲ್ಲಿ ಭೇಟಿಕೊಟ್ಟ ಕೆಲವು ಗುಪ್ತ ತಾಣಗಳ ಹೆಸರುಗಳು ಸಾಮಾನ್ಯ ಮಾರ್ಗದಿಂದ ಸೋರಿಹೋಗುತ್ತಿದ್ದುವೆಂದು ತಿಳಿದುಬಂದಿತು, ಅದನ್ನೂ ತಿದ್ದಲಾಯಿತು. ಈ ಬ್ರೌಸರಿನ ಮೂಲಲಿಪಿಯು ಎಲ್ಲರೂ ಓದಲು ತೆರೆದಿರುವುದರಿಂದ ಇಂತಹ ದೋಷಗಳನ್ನು ಹೊರಗಿನವರೂ ಪರೀಕ್ಷಿಸಬಹುದು. ಪ್ರಾಣಾಪಾಯವೇ ಇರುವಂತಹ ಸಂದರ್ಭಗಳಲ್ಲಿ ತನ್ನ ಕಿಟಕಿಗಿಂತ ಟಾರ್ ಸಂಸ್ಥೆಯದೇ ಆದ ಟಾರ್ ಬ್ರೌಸರನ್ನು ಬಳಸಬೇಕೆಂದು ಬ್ರೇವ್ ಸಂಸ್ಥೆಯೇ ಸೂಚಿಸುತ್ತದೆ.

ಬೆಂಗಳೂರಿನಿಂದ ಹೊರಟ ಪ್ರಶ್ನೆ

‘ನಾನು ತಪ್ಪು ಮಾಡಿಲ್ಲ; ನನಗೇಕೆ ಮರೆ?’ ಎಂದು ಕೇಳುವವರುಂಟು. ಲಕೋಟೆಯನ್ನು ಅಂಟಿಸುವವರೆಲ್ಲರೂ ತಪ್ಪಿತಸ್ಥರಲ್ಲವಷ್ಟೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆಗ ಅವರ ವಯಸ್ಸು ಎಂಬತ್ತನ್ನು ಮೀರಿದ್ದಿತು. ಆ ಮೊಕದ್ದಮೆಯಲ್ಲಿ ಎದ್ದ ಮೂಲಪ್ರಶ್ನೆಗೆ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನವು ಭಾರತದ ಪ್ರಜೆಯ ಮೂಲಭೂತ ಹಕ್ಕು. ೨೦೨೩ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯೊಂದನ್ನೂ ಅಂಗೀಕರಿಸಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ತಮ್ಮ ೯೮ನೆಯ ವಯಸ್ಸಿನಲ್ಲಿ ನಿಧನರಾದರು.

ಹಕ್ಕನ್ನು ನ್ಯಾಯಾಲಯವು ಘೋಷಿಸಬಹುದು. ಅದನ್ನು ದಿನದಿನವೂ ಬಳಸಬೇಕಾದವರು ನಾವು. ಯಂತ್ರವು ಹಲವರದಾದರೆ ಕಂಟ್ರೋಲ್, ಶಿಫ್ಟ್, ಎನ್; ಹಿಂಬಾಲಿಸುವ ಜಾಹೀರಾತುಗಾರರಿಗೆ ಗುರಾಣಿ; ಹೊರುವವನಿಗೆ ತಿಳಿಯಬಾರದಾದರೆ ಆಲ್ಟ್, ಶಿಫ್ಟ್, ಎನ್. ಕೀಲಿಯನ್ನು ಒತ್ತುವ ಮೊದಲು ‘ಈ ಬಾಗಿಲು ಯಾರಿಗೆ?’ ಎಂದು ಕೇಳಿಕೊಳ್ಳುವ ಅಭ್ಯಾಸವೊಂದು ಬೆಳೆದರೆ, ವಿದ್ಯಾರ್ಥಿಗಳು ಯಾವ ಬ್ರೌಸರನ್ನು ಬಳಸಿದರೂ ಈ ವಿವೇಕವು ಅವರ ಜೊತೆಗಿರುವುದು.